ವಾಟ್ಸಾಪ್ ಸಾಕಾ, ಮೂಡಲ್ ಬೇಕಾ?

ಬೈಕಂಪಾಡಿಯ ಫ್ಯಾಕ್ಟರಿ ಇರಲಿ, ಉಡುಪಿಯ ಸಹಕಾರಿ ಸಂಘ ಇರಲಿ, ಸಿಬ್ಬಂದಿ ತರಬೇತಿ ಈಗ ಮೊಬೈಲಿಗೇ ಬರುತ್ತಿದೆ. ವಾಟ್ಸಾಪ್‌ನಲ್ಲಿ ಕೊಡುವುದಾ, ಮೂಡಲ್ ಎಂಬ ಆನ್‌ಲೈನ್ ಕಲಿಕೆಯ ಸಾಫ್ಟ್‌ವೇರ್‌ನಲ್ಲಿ ಕೊಡುವುದಾ ಅನ್ನುವುದೇ ಪ್ರಶ್ನೆ.

ವಾಟ್ಸಾಪ್ ಬಳಸಲು ಯಾರಿಗೂ ಕಲಿಸಬೇಕಿಲ್ಲ. ಗೇರುಬೀಜ ಕಾರ್ಖಾನೆಯಲ್ಲಿ ಗ್ಲೌಸ್ ಹಾಕುವ ಕ್ರಮವನ್ನು ತುಳುವಿನಲ್ಲೇ ಎರಡು ನಿಮಿಷದ ವಿಡಿಯೋ ಮಾಡಿ ಹಾಕಿ, ಊಟದ ಬಿಡುವಿನಲ್ಲಿ ನೋಡುತ್ತಾರೆ. ಆದರೆ ನೀಲಿ ಟಿಕ್ ಬಂದರೆ ಮೆಸೇಜ್ ತೆರೆದಿದ್ದಾರೆ ಅಂತಷ್ಟೇ. ಕಲಿತಿದ್ದಾರೆ ಅಂತಲ್ಲ, ಅಲ್ವಾ?

ಮೂಡಲ್ 2002ರಿಂದ ಇದೆ. ಓಪನ್ ಸೋರ್ಸ್, ಲೈಸೆನ್ಸ್ ಶುಲ್ಕವಿಲ್ಲ. ಹಾಗಂತ ಪೂರ್ತಿ ಪುಕ್ಕಟೆ ಅಂದುಕೊಳ್ಳಬೇಡಿ. ಸರ್ವರ್ ಬಾಡಿಗೆ ಇದೆ, ಅಪ್‌ಡೇಟ್, ಬ್ಯಾಕಪ್ ನೋಡಿಕೊಳ್ಳಲು ಒಬ್ಬರು ಬೇಕು. ಆದರೆ ಯಾರು ಪಾಠ ಮುಗಿಸಿದರು, ಕ್ವಿಜ್‌ನಲ್ಲಿ ಯಾವ ಪ್ರಶ್ನೆ ತಪ್ಪಿತು ಅನ್ನುವುದೆಲ್ಲ ದಾಖಲಾಗುತ್ತದೆ. ನನಗೆ ಇದೇ ಮುಖ್ಯ. ಎಲ್ಲರೂ ಒಂದೇ ಪ್ರಶ್ನೆಯಲ್ಲಿ ಎಡವಿದರೆ, ತಿದ್ದಬೇಕಾದದ್ದು ಪಾಠವನ್ನು. ಆಪ್‌ನಲ್ಲಿ ಪಾಠ ಡೌನ್‌ಲೋಡ್ ಮಾಡಿಟ್ಟರೆ ನೆಟ್ ಇಲ್ಲದಾಗಲೂ ಓದಬಹುದು; ಘಟ್ಟದ ಬುಡದ ಶಾಖೆಗಳಿಗೆ, ಅದರಲ್ಲೂ ಮಳೆಗಾಲದಲ್ಲಿ, ಇದು ದೊಡ್ಡ ಅನುಕೂಲ.

ಹತ್ತಿಪ್ಪತ್ತು ಜನರಿದ್ದರೆ ವಾಟ್ಸಾಪ್ ಧಾರಾಳ ಸಾಕು. ಆಸ್ಪತ್ರೆ, ಬ್ಯಾಂಕಿನಂಥ ಕಡೆ ತರಬೇತಿಯ ದಾಖಲೆ ಕೇಳುವವರು ಜಾಸ್ತಿ, ಅಲ್ಲಿ ಮೂಡಲ್ ಹಾಕಿ. ಪಾಠಗಳನ್ನು ಸ್ಕಾರ್ಮ್ (SCORM) ರೂಪದಲ್ಲೇ, ಅಂದರೆ ಬೇರೆ ಬೇರೆ ಕಲಿಕಾ ಸಾಫ್ಟ್‌ವೇರ್‌ಗಳಲ್ಲೂ ನಡೆಯುವ ಸಾಮಾನ್ಯ ಮಾದರಿಯಲ್ಲೇ, ಮಾಡಿಸಿ. ನಾಳೆ ಬೇರೆ ವ್ಯವಸ್ಥೆಗೆ ಹೋದರೂ ಜೊತೆಗೆ ಒಯ್ಯಬಹುದು.