ಎರಡು ಅಲ್ ನಹ್ದಾ, ಒಂದೇ ಸಂಬಳ: ಸಂಸಾರಕ್ಕೆ ಶಾರ್ಜಾವೋ ದುಬೈಯೋ?

ದುಬೈಯಲ್ಲಿ ಕೆಲಸ ಸಿಕ್ಕಿ, ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬೇಕೆಂದಿರುವ ನಮ್ಮ ಉಡುಪಿ ಕಡೆಯ ಹುಡುಗರು ಫೋನ್ ಮಾಡಿದರೆ ಕೇಳುವುದು ಒಂದೇ ಪ್ರಶ್ನೆ. "ಶಾರ್ಜಾದಲ್ಲಿ ಬಾಡಿಗೆ ಅರ್ಧಕ್ಕರ್ಧ ಕಡಿಮೆಯಂತೆ, ಅಲ್ಲೇ ಮನೆ ಮಾಡಿದರೆ ಆಗ್ಲಿಕ್ಕಿಲ್ವಾ ಅಣ್ಣ?" ಆಗುತ್ತದೆ. ಬಾಡಿಗೆ ಹೆಚ್ಚುಕಡಿಮೆ ಅರ್ಧ ಎನ್ನುವುದೂ ಸುಳ್ಳಲ್ಲ. ಆದರೆ ಹಾಗೆ ಉಳಿದ ದುಡ್ಡು ತಿಂಗಳ ಕೊನೆಗೆ ಎಷ್ಟು ಉಳಿದಿರುತ್ತದೆ ಎಂಬುದು ಬೇರೆ ಲೆಕ್ಕ. ನಾನು ಮೂರು ಥರದಲ್ಲೂ ಇದ್ದು ನೋಡಿದವನು. ಮೊದಲು ಸಂಸಾರವನ್ನು ಊರಲ್ಲಿ ಬಿಟ್ಟು ದುಬೈಯ ದೇರಾದಲ್ಲಿ ಬೆಡ್ ಸ್ಪೇಸಿನಲ್ಲಿ (ಹಂಚಿಕೊಂಡ ಕೋಣೆಯ ಒಂದು ಹಾಸಿಗೆಯಲ್ಲಿ), ಆಮೇಲೆ ಸಂಸಾರ ಸಮೇತ ಶಾರ್ಜಾದಲ್ಲಿ, 2025ರಿಂದ ದುಬೈಯಲ್ಲಿ.

ಹೋಲಿಸಲು ಒಂದು ಅನುಕೂಲವೂ ಇದೆ. ಅಲ್ ನಹ್ದಾ ಎಂಬ ಹೆಸರಿನ ಬಡಾವಣೆ ಎರಡೂ ಎಮಿರೇಟುಗಳಲ್ಲಿ ಇದೆ, ಅದೂ ಅಕ್ಕಪಕ್ಕದಲ್ಲಿ. ಸಹಾರಾ ಸೆಂಟರ್ ಇರುವ ಕಡೆ ಶಾರ್ಜಾ, ಈಚೆಗೆ ದಾಟಿದರೆ ದುಬೈ. ಅದೇ ಥರದ ಕಟ್ಟಡಗಳು, ಅದೇ ಮಲಯಾಳಿ ಕೆಫೆಟೇರಿಯಾಗಳು, ಬಕಾಲಾ ಎಂಬ ದಿನಸಿ ಅಂಗಡಿಯಲ್ಲಿ ಅದೇ ಕುಚ್ಚಲಕ್ಕಿ. ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಕರೆಂಟು ನೀರು ಕೊಡುವ ಸಂಸ್ಥೆಯ ಹೆಸರು ಬೇರೆ: ಶಾರ್ಜಾದಲ್ಲಿ ಸೇವಾ (SEWA), ದುಬೈಯಲ್ಲಿ ದೇವಾ (DEWA). ನಾನು ಆಚೆಯ ನಹ್ದಾದಿಂದ ಈಚೆಯ ನಹ್ದಾಕ್ಕೆ ಬಂದವನು, ಹಾಗಾಗಿ ಸಂಬಳ, ಆಫೀಸು, ಅಡುಗೆ ಯಾವುದೂ ಬದಲಾಗದೆ ಮನೆ ಮಾತ್ರ ಬದಲಾಯಿತು.

ಬೆಡ್ ಸ್ಪೇಸಿನ ಕಥೆ ಬೇಗ ಮುಗಿಸುತ್ತೇನೆ. ಮಲಗಲು 900 ದಿರ್ಹಮ್, ಊಟಕ್ಕೆ 600, ಮೆಟ್ರೋ ಪಾಸು. ಕಾಗದದ ಮೇಲೆ ಇದಕ್ಕಿಂತ ಅಗ್ಗ ಯಾವುದೂ ಇಲ್ಲ. ಆದರೆ ಅದು ಎರಡು ಮನೆ ನಡೆಸುವ ಲೆಕ್ಕ. ಊರಿಗೆ ಕಳಿಸುವ ದುಡ್ಡು ವರ್ಷ ವರ್ಷ ಏರುತ್ತದೆ, ಮಂಗಳೂರಿನ ಟಿಕೆಟ್ ದರ ಜುಲೈ ಆಗಸ್ಟಿನಲ್ಲೂ ಡಿಸೆಂಬರಿನಲ್ಲೂ ಆಕಾಶಕ್ಕೇರುತ್ತದೆ, ನಮಗೆ ರಜೆ ಸಿಗುವುದೂ ಆಗಲೇ. ಕೋಣೆಗೆ ಪ್ಲೈವುಡ್ ಹೊಡೆದು ಮಾಡಿದ ಪಾರ್ಟಿಷನ್ ಆದರಂತೂ ಮುನ್ಸಿಪಾಲಿಟಿಯವರು ಯಾವತ್ತು ಬಂದು ಖಾಲಿ ಮಾಡಿಸುತ್ತಾರೋ ಗೊತ್ತಿಲ್ಲ. ಒಂದು ವರ್ಷದ ಮಟ್ಟಿಗೆ, ಸಾಲ ತೀರಿಸಿಕೊಳ್ಳಲು, ಸರಿ. ಅದಕ್ಕಿಂತ ಹೆಚ್ಚು ಬೇಡ ಎಂಬುದು ನನ್ನ ಅಭಿಪ್ರಾಯ.

ಸಂಸಾರ ಕರೆಸುವವರು ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು, ಇಲ್ಲಿ ಬಾಡಿಗೆ ತಿಂಗಳಿನದ್ದಲ್ಲ, ಚೆಕ್ಕಿನದ್ದು. ವರ್ಷದ ಮೊತ್ತ ಹೇಳಿ, ಎಷ್ಟು ಚೆಕ್ಕಿಗೆ ಒಪ್ಪುತ್ತೀರಿ ಎಂದು ಕೇಳುತ್ತಾರೆ. ಒಂದು, ಎರಡು, ನಾಲ್ಕು, ಆರು. ಚೆಕ್ ಕಡಿಮೆಯಾದಷ್ಟೂ ಬಾಡಿಗೆಯಲ್ಲಿ ಚೌಕಾಸಿಗೆ ಜಾಗ. ಶಾರ್ಜಾದಲ್ಲಿ ನನ್ನ ಒನ್ ಬಿಎಚ್‌ಕೆ ವರ್ಷಕ್ಕೆ 33,000, ಆರು ಚೆಕ್. ಅಂದರೆ ಎರಡು ತಿಂಗಳಿಗೊಮ್ಮೆ 5,500. ಸಂಬಳದವನಿಗೆ ಇದು ಎಷ್ಟು ದೊಡ್ಡ ಸಮಾಧಾನ ಎಂದು ನಾಲ್ಕು ಚೆಕ್ಕಿಗೆ ಬಂದ ಮೇಲೆ ತಿಳಿಯಿತು. ಮೇಲಿಂದ ಶಾರ್ಜಾದಲ್ಲಿ "ಒಂದು ತಿಂಗಳು ಫ್ರೀ" ಎನ್ನುವ ಬೋರ್ಡು ಅಲ್ಲಲ್ಲಿ ಕಾಣುತ್ತದೆ, ಕೇಳಿದರೆ ಕೊಡುತ್ತಾರೆ ಕೂಡ.

ದುಬೈ ನಹ್ದಾದ ಮನೆ, ಅದೇ ಒನ್ ಬಿಎಚ್‌ಕೆ, 60,000. ನಾಲ್ಕು ಚೆಕ್. ಕೀ ಕೈಗೆ ಬರುವ ಮೊದಲು ನನ್ನ ಕೈಯಿಂದ ಹೋದದ್ದನ್ನು ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. ಮೊದಲ ಚೆಕ್ 15,000. ಡೆಪಾಸಿಟ್ ಶೇ 5, ಅಂದರೆ 3,000. ಫರ್ನಿಶ್ಡ್ ಮನೆಯಾದರೆ ಸಾಮಾನ್ಯವಾಗಿ ಶೇ 10. ಏಜೆಂಟನ ಕಮಿಷನ್ ಇನ್ನೊಂದು ಶೇ 5, ಅದರ ಮೇಲೆ ವ್ಯಾಟ್, ಒಟ್ಟು 3,150. ದೇವಾಕ್ಕೆ ಅಪಾರ್ಟ್‌ಮೆಂಟಿನ ಡೆಪಾಸಿಟ್ 2,000, ಕನೆಕ್ಷನ್ನಿಗೆ ನೂರಮೂವತ್ತರ ಹತ್ತಿರ. ಕಾಂಟ್ರಾಕ್ಟನ್ನು ಇಜಾರಿ ಎಂಬ ಸರಕಾರಿ ಬಾಡಿಗೆ ದಾಖಲೆಯಲ್ಲಿ ನೋಂದಾಯಿಸಲು ಟೈಪಿಂಗ್ ಸೆಂಟರಿನಲ್ಲಿ 220ರಷ್ಟು. ಎಲ್ಲ ಸೇರಿ 23,500. ಇನ್ನೂ ಮಂಚ, ಫ್ರಿಜ್, ವಾಷಿಂಗ್ ಮಷೀನ್ ಬಂದಿಲ್ಲ. ವೀಸಾ ಖರ್ಚು, ಹೆಂಡತಿ ಮಕ್ಕಳ ಇನ್ಶೂರೆನ್ಸ್ ಬೇರೆ; ದುಬೈ ವೀಸಾದಲ್ಲಿ ಅವರಿಗೆ ಇನ್ಶೂರೆನ್ಸ್ ಮಾಡಿಸುವುದು ಸ್ಪಾನ್ಸರ್ ಮಾಡಿದವನ ಹೊಣೆ, ಕಂಪೆನಿ ಕೊಟ್ಟರೆ ಪುಣ್ಯ. "ನನ್ನ ಸಂಬಳ ಇಷ್ಟು, ಬಾಡಿಗೆ ಇಷ್ಟು, ಉಳಿಯುತ್ತದೆ" ಎಂದು ಲೆಕ್ಕ ಹಾಕುವವರು ಎಡವುವುದು ಇಲ್ಲೇ. ತಿಂಗಳ ಲೆಕ್ಕದಲ್ಲಿ ಉಳಿದರೂ ಮೊದಲ ವಾರದಲ್ಲಿ ದುಡ್ಡು ಮುಗಿದಿರುತ್ತದೆ.

ದುಬೈಯ ಇನ್ನೊಂದು ಗುಟ್ಟು ಕರೆಂಟ್ ಬಿಲ್ಲಿನಲ್ಲಿ ಕೂತಿದೆ. ಹೌಸಿಂಗ್ ಫೀ ಎಂಬ ಸಾಲು. ವರ್ಷದ ಬಾಡಿಗೆಯ ಶೇ 5ನ್ನು ಹನ್ನೆರಡು ಪಾಲು ಮಾಡಿ ಪ್ರತಿ ತಿಂಗಳ ದೇವಾ ಬಿಲ್ಲಿಗೆ ಸೇರಿಸುತ್ತಾರೆ. ನನಗೆ ತಿಂಗಳಿಗೆ 250. ಮೊದಲ ಬಿಲ್ ಬಂದಾಗ ಹೆಂಡತಿ, "ಎಸಿ ಹಾಕದಿದ್ದರೂ ಇಷ್ಟು ಬರ್ತದಾ?" ಎಂದು ನನ್ನ ಮುಖ ನೋಡಿದಳು. ಎಸಿ ಎಂದ ಮೇಲೆ ಇದನ್ನೂ ಹೇಳಬೇಕು: ಮನೆ ನೋಡಲು ಹೋದಾಗ ಚಿಲ್ಲರ್ ಫ್ರೀಯೋ ಅಲ್ಲವೋ ಎಂದು ಬಾಡಿಗೆಗಿಂತ ಮೊದಲು ಕೇಳಿ. ಅಲ್ಲ ಎಂದರೆ ಬೇಸಗೆಯಲ್ಲಿ ತಣ್ಣನೆಯ ಗಾಳಿಗೆ ಪ್ರತ್ಯೇಕ ಬಿಲ್ ಬರುತ್ತದೆ.

ಶಾರ್ಜಾದಲ್ಲಿ ಹೌಸಿಂಗ್ ಫೀ ತಲೆನೋವಿಲ್ಲ, ಆದರೆ ಅಲ್ಲಿನ ಬಿಲ್ ಬೇರೆ ಕಡೆಯಿಂದ ಬರುತ್ತದೆ, ರಸ್ತೆಯಿಂದ. ನನ್ನ ಆಫೀಸು ದೇರಾದಲ್ಲಿ, ಸಲಾಹ್ ಅಲ್ ದೀನ್ ಮೆಟ್ರೋ ಸ್ಟೇಷನ್ ಹತ್ತಿರ. ನಕ್ಷೆಯಲ್ಲಿ ಶಾರ್ಜಾ ನಹ್ದಾದಿಂದ ಕೈಗೆಟುಕುವ ದೂರ. ಬೆಳಗ್ಗೆ ಏಳಕ್ಕೆ ಅಲ್ ಇತ್ತಿಹಾದ್ ರಸ್ತೆಗೆ ಇಳಿದು ನೋಡಿ, ಆ ದೂರ ಎಷ್ಟೆಂದು ಗೊತ್ತಾಗುತ್ತದೆ. ಬ್ರೇಕ್ ದೀಪಗಳ ಕೆಂಪು ಸಾಲು ಕಣ್ಣಿಗೆ ಕಾಣುವವರೆಗೂ ಇರುತ್ತದೆ. ದಾರಿಯಲ್ಲಿ ಮಮ್ಜಾರಿನಲ್ಲಿ ಸಾಲಿಕ್ ಗೇಟು, ಅಂದರೆ ದುಬೈಯ ರಸ್ತೆ ಟೋಲ್. 2025ರ ಜನವರಿ ಕೊನೆಯಿಂದ ಬೆಳಗ್ಗೆ 6ರಿಂದ 10, ಸಂಜೆ 4ರಿಂದ 8ರ ನಡುವೆ ದಾಟಿದರೆ 4 ಅಲ್ಲ, 6 ದಿರ್ಹಮ್. ಭಾನುವಾರ ಬಿಟ್ಟರೆ ನಮ್ಮಂಥ ಟ್ರೇಡಿಂಗ್ ಕಂಪೆನಿಯವರಿಗೆ ರಜೆ ಇಲ್ಲ. ದಿನಕ್ಕೆ 12ರಂತೆ ತಿಂಗಳಿಗೆ 312.

ಕಾರಿಲ್ಲದೆ ನಡೆಯುವುದಿಲ್ಲವೇ? ನಡೆಯುತ್ತದೆ. ಮೊದಲು ನಾನೂ ಕಾರ್ ಲಿಫ್ಟಿನಲ್ಲೇ, ಅಂದರೆ ತಿಂಗಳ ದುಡ್ಡಿಗೆ ಹಲವರನ್ನು ಒಟ್ಟಿಗೆ ಒಯ್ಯುವ ಗಾಡಿಯಲ್ಲಿ ಹೋಗುತ್ತಿದ್ದೆ, ತಿಂಗಳಿಗೆ 450. ಆ ಲೆಕ್ಕದಲ್ಲಿ ಶಾರ್ಜಾವನ್ನು ಮೀರಿಸುವುದು ಯಾವುದಕ್ಕೂ ಸಾಧ್ಯವಿಲ್ಲ, ತಿಂಗಳಿಗೆ ಎರಡು ಸಾವಿರಕ್ಕೂ ಹೆಚ್ಚು ಉಳಿಯುತ್ತದೆ. ಆದರೆ ಗಾಡಿ ಬೆಳಗ್ಗೆ ಐದೂವರೆಗೆ ಕಟ್ಟಡದ ಕೆಳಗೆ ಬರುತ್ತದೆ, ಸಂಜೆ ಎಲ್ಲರನ್ನೂ ಹತ್ತಿಸಿಕೊಂಡು ಬಿಡುವಾಗ ಎಂಟು ದಾಟಿರುತ್ತದೆ. ಮಗಳು ಮಲಗಿರುತ್ತಿದ್ದಳು. ಆಗಸ್ಟಿನ ಸೆಕೆಯಲ್ಲಿ ಚಿಕ್ಕ ಮಗುವನ್ನು ಕರೆದುಕೊಂಡು ಬಸ್ಸಿಗೆ ಕಾಯಲಿಕ್ಕೂ ಆಗುವುದಿಲ್ಲ, ದುಬೈ ಟ್ಯಾಕ್ಸಿಯಲ್ಲಿ ಗಡಿ ದಾಟಿದರೆ ಮೀಟರಿನ ಮೇಲೆ 20 ದಿರ್ಹಮ್ ಹೆಚ್ಚು. ಕೊನೆಗೆ ಎಲ್ಲರೂ ಕಾರಿಗೇ ಬರುತ್ತಾರೆ. ಅದಕ್ಕೆ ಮೊದಲು ಲೈಸೆನ್ಸ್. ಊರಿನ ಲೈಸೆನ್ಸ್ ಇದ್ದರೂ ಇಲ್ಲಿ ಕ್ಲಾಸು, ಟೆಸ್ಟು ಮುಗಿಸುವಷ್ಟರಲ್ಲಿ ನನಗೆ 6,000ದ ಹತ್ತಿರ ಹೋಯಿತು. ಶಾರ್ಜಾದ ಬಾಡಿಗೆ ಕಡಿಮೆ ಎನ್ನುವವರು ಈ ಆರು ಸಾವಿರವನ್ನು ಯಾವ ಖಾತೆಗೂ ಬರೆಯುವುದಿಲ್ಲ.

ಕಾರು ಬಂದ ಮೇಲೆ ಅದನ್ನು ನಿಲ್ಲಿಸುವುದು ಎಲ್ಲಿ? ಶಾರ್ಜಾದವರಿಗೆಲ್ಲ ಗೊತ್ತಿರುವ ಕಚ್ಚಾ ಪಾರ್ಕಿಂಗಿನಲ್ಲಿ. ಎರಡು ಕಟ್ಟಡಗಳ ನಡುವೆ ಖಾಲಿ ಬಿಟ್ಟ ಮರಳಿನ ಜಾಗ, ಬಾಗಿಲಲ್ಲಿ ಒಬ್ಬ ಕಾವಲಿನವ, ತಿಂಗಳಿಗೆ 250. ರಾತ್ರಿ ತಡವಾಗಿ ಬಂದವರು ಅಡ್ಡ ನಿಲ್ಲಿಸಿ ಹೋಗುತ್ತಾರೆ, ಗಾಜಿನ ಒಳಗೆ ರಟ್ಟಿನ ತುಂಡಿನಲ್ಲಿ ಫೋನ್ ನಂಬರ್. ಬೆಳಗ್ಗೆ ಐದಕ್ಕೆ ಆ ನಂಬರಿಗೆ ಫೋನ್ ಮಾಡಿ, ಲುಂಗಿಯಲ್ಲೇ ಇಳಿದು ಬಂದವನಿಂದ ಗಾಡಿ ತೆಗೆಸಿ, ನಾವು ಹೊರಡಬೇಕು. ಇನ್ನೊಂದು ದಿನ ಆ ಲುಂಗಿಯವ ನಾವೇ. ಕಾರು ತೊಳೆದ ಮಧ್ಯಾಹ್ನವೇ ಮರಳು ಕೂತು ಬಣ್ಣ ಗೊತ್ತಾಗದ ಹಾಗಾಗುತ್ತದೆ.

2024ರ ಏಪ್ರಿಲ್ 16ರ ಮಳೆ ನೆನಪಿರಬಹುದು. ಈ ದೇಶದ 75 ವರ್ಷದ ದಾಖಲೆಯಲ್ಲಿ ಅಷ್ಟು ಸುರಿದದ್ದು ಇಲ್ಲ. ನಮ್ಮ ಕರಾವಳಿಯವರಿಗೆ ಮಳೆ ಹೊಸದಲ್ಲ, ಆದರೆ ನೀರು ಹೋಗಲು ತೋಡೇ ಇಲ್ಲದ ಊರಲ್ಲಿ ಮಳೆ ಬಂದರೆ ಹೇಗಿರುತ್ತದೆ ಎಂದು ಅವತ್ತು ನೋಡಿದೆವು. ಶಾರ್ಜಾದ ಹಲವು ಬೀದಿಗಳಲ್ಲಿ ದಿನಗಟ್ಟಲೆ ನೀರು ನಿಂತಿತು, ನಮ್ಮ ಕಚ್ಚಾದಲ್ಲಿ ತಗ್ಗಿನ ಕಡೆಯ ಗಾಡಿಗಳು ಸೀಟಿನವರೆಗೆ ಮುಳುಗಿದವು. ನನ್ನದು ಏರಿನ ಮೇಲಿತ್ತು, ಉಳಿಯಿತು. ಪಕ್ಕದ ಮನೆಯವರು ದುಡ್ಡು ಉಳಿಸಲು ಬರೀ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾಡಿಸಿದ್ದರು, ಒಂದು ದಿರ್ಹಮ್ ಬರಲಿಲ್ಲ. ಶಾರ್ಜಾದಲ್ಲಿ ಕಾರಿಡುವವರು ಫುಲ್ ಇನ್ಶೂರೆನ್ಸನ್ನು ಬಾಡಿಗೆಯ ಭಾಗವೆಂದೇ ತಿಳಿಯಿರಿ, ಪಾಲಿಸಿಯಲ್ಲಿ ನೆರೆ ಸೇರಿದೆಯೇ ಎಂದೂ ಓದಿ.

ಈಗ ತಿಂಗಳ ಲೆಕ್ಕ. ಶಾರ್ಜಾದಲ್ಲಿ ಕಾರಿನೊಂದಿಗೆ: ಬಾಡಿಗೆ 2,750, ಸೇವಾ ಸರಾಸರಿ 350, ಕಚ್ಚಾ 250, ಕಾರಿನ ಕಂತು 850, ಇನ್ಶೂರೆನ್ಸ್ ರಿನೀವಲ್ ಪಾಲು 150, ಪೆಟ್ರೋಲ್ 500, ಸಾಲಿಕ್ 312, ಆಫೀಸಿನ ಹತ್ತಿರ ಪಾರ್ಕಿಂಗ್ 300. ಕೂಡಿದರೆ 5,462. ದುಬೈಯಲ್ಲಿ ಕಾರು ಮಾರಿದ ಮೇಲೆ: ಬಾಡಿಗೆ 5,000, ದೇವಾ ಹೌಸಿಂಗ್ ಫೀ ಸೇರಿ 580, ಮೆಟ್ರೋ ಬಸ್ಸಿಗೆ ಎರಡು ವಲಯದ 30 ದಿನದ ನೋಲ್ ಪಾಸ್ 230, ಭಾನುವಾರದ ಓಡಾಟಕ್ಕೆ ಟ್ಯಾಕ್ಸಿ 250. ಒಟ್ಟು 6,060. ಬಾಡಿಗೆಯಲ್ಲಿ 2,250 ಇದ್ದ ಅಂತರ 600ಕ್ಕೆ ಇಳಿಯಿತು. ಸ್ಟೇಡಿಯಂ ಸ್ಟೇಷನ್ನಿನಲ್ಲಿ ಹಸಿರು ಲೈನ್ ಹತ್ತಿದರೆ ಎಲ್ಲೂ ಬದಲಿಸದೆ ನೇರ ಸಲಾಹ್ ಅಲ್ ದೀನ್.

ಇದು ನನ್ನ ಆಫೀಸು ಮೆಟ್ರೋ ಬುಡದಲ್ಲಿ ಇರುವುದರಿಂದ ಬಂದ ಲೆಕ್ಕ, ಮರೆಯಬೇಡಿ. ದುಬೈಯಲ್ಲೂ ಕಾರು ಇಡಲೇಬೇಕಾದವರಿಗೆ ಈ 600 ಮತ್ತೆ ಉಬ್ಬಿ ಎರಡು ಸಾವಿರ ದಾಟುತ್ತದೆ, ಆಗ ಶಾರ್ಜಾವೇ ಲಾಭ. ಆಫೀಸು ಜೆಬೆಲ್ ಅಲಿಯಲ್ಲಿದ್ದರೆ ಎರಡೂ ನಹ್ದಾ ಬೇಡ, ದುಬೈಯ ಆ ತುದಿಯಲ್ಲೇ ಮನೆ ಹುಡುಕಿ.

ಶಾಲೆಯಲ್ಲಿ ಶಾರ್ಜಾ ಸ್ವಲ್ಪ ಅಗ್ಗ. ಮಗಳಿಗೆ ಅಲ್ಲಿ ಫೀಸು ಬಸ್ಸು ಸೇರಿ ವರ್ಷಕ್ಕೆ 11,300 ಆಗುತ್ತಿತ್ತು, ಇಲ್ಲಿ 14,600. ನಮ್ಮ ಸಿಬಿಎಸ್‌ಇ ಶಾಲೆಗಳಿಗೆ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ, ಹಾಗಾಗಿ ಮನೆಯ ಕಾಂಟ್ರಾಕ್ಟ್ ಮಾರ್ಚಿನಲ್ಲಿ ಮುಗಿಯುವ ಹಾಗೆ ನೋಡಿಕೊಂಡರೆ ಮನೆ ಬದಲಿಸುವಾಗ ಪರದಾಟ ಕಡಿಮೆ. ಫೀಸಿಗಿಂತ ನಮ್ಮನ್ನು ಕಾಡಿದ್ದು ಶುಕ್ರವಾರ. 2022ರ ಜನವರಿಯಿಂದ ಶಾರ್ಜಾದ ಶಾಲೆಗಳಿಗೆ ವಾರಕ್ಕೆ ನಾಲ್ಕೇ ದಿನ, ಶುಕ್ರ ಶನಿ ಭಾನು ರಜೆ. ದುಬೈ ಶಾಲೆಗಳಿಗೆ ಶುಕ್ರವಾರ ಅರ್ಧ ದಿನ ಇದೆ. ಮಕ್ಕಳಿಗೆ ಖುಷಿ. ತಂದೆ ತಾಯಿ ಇಬ್ಬರೂ ದುಬೈಯಲ್ಲಿ ಕೆಲಸಕ್ಕೆ ಹೋಗುವವರಾದರೆ ಆ ಶುಕ್ರವಾರ ಮಗುವನ್ನು ಯಾರ ಹತ್ತಿರ ಬಿಡುವುದು? ನನ್ನ ಹೆಂಡತಿಗೆ ದುಬೈಯ ಕುಸೈಸಿನ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿತು; ಶಾರ್ಜಾದಲ್ಲೇ ಇದ್ದಿದ್ದರೆ ಅವಳು ಅದನ್ನು ಒಪ್ಪುವ ಹಾಗೇ ಇರಲಿಲ್ಲ. ದುಬೈ ನಹ್ದಾಕ್ಕೆ ಬರಲು ನಿಜವಾದ ಕಾರಣ ಇದೇ, ಉಳಿದದ್ದೆಲ್ಲ ಆಮೇಲೆ ಹಾಕಿದ ಲೆಕ್ಕ.

ಅಡುಗೆ ಖರ್ಚಿನಲ್ಲಿ ಹೇಳುವಂಥ ವ್ಯತ್ಯಾಸವಿಲ್ಲ. ಬಂಗುಡೆ, ಅಂಜಲ್ ಎರಡೂ ಕಡೆ ತಾಜಾ. ಶಾರ್ಜಾದವರು ಸೂಕ್ ಅಲ್ ಜುಬೈಲ್ ಎನ್ನುತ್ತಾರೆ, ದುಬೈಯವರು ದೇರಾದ ವಾಟರ್‌ಫ್ರಂಟ್ ಮಾರ್ಕೆಟ್ ಎನ್ನುತ್ತಾರೆ, ಜಗಳ ಮುಗಿಯುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಈಗಲೂ ಶಾರ್ಜಾದ ಪಕ್ಷ. ಅಲ್ಲಿನ 2024ರ ಬಾಡಿಗೆ ಕಾನೂನಿನ ಪ್ರಕಾರ ಕಾಂಟ್ರಾಕ್ಟ್ ಶುರುವಾದ ಮೂರು ವರ್ಷ ಮಾಲೀಕ ತಾನಾಗಿ ಬಾಡಿಗೆ ಏರಿಸುವಂತಿಲ್ಲ. ಐದಾರು ವರ್ಷ ಇರುವ ಸಂಸಾರಕ್ಕೆ ಇದಕ್ಕಿಂತ ನೆಮ್ಮದಿ ಇಲ್ಲ. ದುಬೈಯಲ್ಲಿ ಸರಕಾರದ ಸೂಚ್ಯಂಕ ನೋಡಿ ಏರಿಸಬಹುದು: ನಿಮ್ಮ ಬಾಡಿಗೆ ಸುತ್ತಲಿನ ದರಕ್ಕಿಂತ ಎಷ್ಟು ಕೆಳಗಿದೆ ಎನ್ನುವುದರ ಮೇಲೆ ಶೇ 5ರಿಂದ 20ರವರೆಗೆ, ಶೇ 10ರ ಒಳಗೇ ಇದ್ದರೆ ಏನೂ ಇಲ್ಲ. ಹಾಗೆ ಏರಿಸಲು ಕಾಂಟ್ರಾಕ್ಟ್ ಮುಗಿಯುವ 90 ದಿನ ಮೊದಲೇ ತಿಳಿಸಬೇಕು. ಕಡಿಮೆಗೆ ಮನೆ ಸಿಕ್ಕಿತೆಂದು ಹಿಗ್ಗಿದವರಿಗೇ ಮುಂದಿನ ವರ್ಷ ಹೆಚ್ಚು ಏರಬಹುದು. ಸೂಚ್ಯಂಕ ದುಬೈ ಲ್ಯಾಂಡ್ ಡಿಪಾರ್ಟ್‌ಮೆಂಟಿನ ಆಪ್‌ನಲ್ಲಿ ಯಾರು ಬೇಕಾದರೂ ನೋಡಬಹುದು, ಚೆಕ್ ಬರೆಯುವ ಮೊದಲು ನೋಡಿ. ನನ್ನ ಬಾಡಿಗೆ ಸುತ್ತಲಿನ ದರಕ್ಕೆ ಸಮನಾಗಿಯೇ ಇದೆ, ಹಾಗಾಗಿ ಬರುವ ವರ್ಷವೂ ಇದೇ ಮನೆ, ಇದೇ ನಾಲ್ಕು ಚೆಕ್. ಆರಕ್ಕೆ ಒಪ್ಪಿಸಲು ನಾತೂರನ (ಕಟ್ಟಡದ ಕಾವಲುಗಾರನ) ಮೂಲಕ ಮಾತು ನಡೆಯುತ್ತಿದೆ.