ಗಣಿ ದಿಬ್ಬಕ್ಕೆ ಯಾವ ಶಿಲೀಂಧ್ರ: ಪ್ಯಾಕೆಟ್ಟಿನದೋ, ಪಕ್ಕದ ಕಾಡಿನದೋ?

ಸಂಡೂರಿನ ಕಡೆ ಕಬ್ಬಿಣದ ಅದಿರು ತೆಗೆದು ಸುರಿದ ದಿಬ್ಬದಲ್ಲಿ ಹೊಂಗೆ, ಕಮರ ನೆಡಬೇಕು ಅಂತಿದ್ದೀರಾ? ಬೇರಿಗೆ ಜೊತೆಯಾಗುವ ಮೈಕೊರೈಜಾ ಶಿಲೀಂಧ್ರವೂ ಬೇಕು. ಕಬ್ಬಿಣ ಜಾಸ್ತಿ ಇರುವ ಮಣ್ಣು ಗಿಡಕ್ಕೆ ಬೇಕಾದ ರಂಜಕವನ್ನು (ಫಾಸ್ಫರಸ್) ಬಿಗಿಯಾಗಿ ಹಿಡಿದಿಡುತ್ತದೆ. ಬೇರು ತಲುಪದ ಕಡೆಯಿಂದ ಶಿಲೀಂಧ್ರದ ಎಳೆಗಳು ಅದನ್ನು ತಂದುಕೊಡುತ್ತವೆ. ಗಣಿ ತೋಡುವಾಗ ತೆಗೆದಿಟ್ಟ ಮೇಲ್ಮಣ್ಣಲ್ಲೇ ಈ ಶಿಲೀಂಧ್ರ ಇರುತ್ತದೆ ಅಲ್ವಾ ಅನ್ನಬೇಡಿ. ವರ್ಷಗಟ್ಟಲೆ ರಾಶಿ ಬಿದ್ದ ಮಣ್ಣಲ್ಲಿ ಅದು ಬಹಳ ಕಡಿಮೆಯಾಗಿರುತ್ತದೆ.

ಅಂಗಡಿಯ ಪ್ಯಾಕೆಟ್ ಸುಲಭ. ಇವತ್ತು ತಂದು ಇವತ್ತೇ ಹಾಕಬಹುದು. ಆದರೆ ಅದರಲ್ಲಿರುವುದು ಕೆಲವೇ ಜಾತಿಯ ಶಿಲೀಂಧ್ರ, ಅವೂ ಈ ಮಣ್ಣು, ಈ ಬಿಸಿಲು ಕಂಡವಲ್ಲ.

ಸ್ಥಳೀಯದ್ದಕ್ಕೆ ಮೂರ್ನಾಲ್ಕು ತಿಂಗಳ ತಾಳ್ಮೆ ಬೇಕು. ಪಕ್ಕದ ಕಾಡಿನಲ್ಲಿ, ನೀವು ನೆಡುವ ಜಾತಿಯದೇ ಮರದ ಬುಡದಿಂದ ಎರಡು ಹಿಡಿ ಮಣ್ಣು, ಸಣ್ಣ ಬೇರುಗಳ ಸಮೇತ ತನ್ನಿ. ಅಷ್ಟೇ ಸಾಕು, ಕಾಡನ್ನು ಅಗೆದು ಹಾಕಬೇಡಿ. ಮರಳು ಬೆರೆಸಿ ಕುಂಡದಲ್ಲಿ ಜೋಳ ಬಿತ್ತಿ. ಗಿಡ ಬಲಿತ ಮೇಲೆ ನೀರು ಹಾಕುವುದನ್ನು ನಿಲ್ಲಿಸಿ. ಒಣಗಿದ ಬೇರನ್ನು ಸಣ್ಣಗೆ ಕತ್ತರಿಸಿ ಅದೇ ಮಣ್ಣಿಗೆ ಕಲಸಿ. ನರ್ಸರಿ ಚೀಲದಲ್ಲಿ ಬೀಜದ ಕೆಳಗೇ ಒಂದು ಚಮಚ ಹಾಕಿ.

ನನ್ನ ಆಯ್ಕೆ ಸ್ಥಳೀಯದ್ದೇ. ಈ ಮಳೆಗೇ ನೆಡಲೇಬೇಕು, ಬೇರೆ ದಾರಿಯಿಲ್ಲ ಅಂದರೆ ಪ್ಯಾಕೆಟ್. ಯಾವುದನ್ನೇ ಹಾಕಿ, ಜೊತೆಗೆ ರಂಜಕದ ಗೊಬ್ಬರ ಸೂಪರ್ ಫಾಸ್ಫೇಟ್ ಮಾತ್ರ ಸುರಿಯಬೇಡಿ. ರಂಜಕ ಸುಮ್ನೆ ಸಿಕ್ಕರೆ ಬೇರು ಶಿಲೀಂಧ್ರವನ್ನು ಅಷ್ಟಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ.