ಕರೆಂಟು ಹೋದರೂ ವೈಫೈ ಉಳಿಸಲು ಯಾವುದು ಒಳ್ಳೆಯದು? ಇನ್ವರ್ಟರ್, ಮಿನಿ ಯುಪಿಎಸ್, ಪವರ್ ಬ್ಯಾಂಕ್ – ನಮ್ಮ ಮನೆಯಲ್ಲಿ ನೋಡಿದ್ದು

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ತೋಟದ ನಡುವೆ ಮನೆ ಇರುವವರಿಗೆ ಈ ಕಷ್ಟ ಹೊಸದಲ್ಲ. ಗುಡ್ಡದ ಬುಡದಲ್ಲಿ ಮನೆ, ಒಳಗೆ ಮೊಬೈಲ್ ಸಿಗ್ನಲ್ ಇಲ್ಲ. ಮಾತಾಡಬೇಕಾದರೂ ವೈಫೈ ಕಾಲಿಂಗ್ ಆನ್ ಮಾಡಿಕೊಂಡು ಫೈಬರಿನ ಮೂಲಕವೇ ಮಾತಾಡಬೇಕು. ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಗಾಳಿಗೆ ಒಂದು ಅಡಿಕೆ ಮರವೋ ರಬ್ಬರ್ ಮರದ ಗೆಲ್ಲೋ ಲೈನಿನ ಮೇಲೆ ಬಿದ್ದರೆ ಕರೆಂಟು ಹೋಯಿತು. ಅದರ ಜೊತೆಗೇ ಮೋಡೆಮ್ ಆರಿತು, ಫೋನೂ ಹೋಯಿತು. ಮನೆಯಲ್ಲಿ ವಯಸ್ಸಾದವರಿದ್ದರೆ ಇದು ಸಣ್ಣ ವಿಷಯ ಅಲ್ಲ. ರಾತ್ರಿ ಯಾರಿಗಾದರೂ ಹುಷಾರಿಲ್ಲ ಅಂದರೆ ಜೀಪಿಗೆ ಫೋನ್ ಮಾಡುವುದು ಹೇಗೆ?

ಹಾಗಾಗಿ ಮೋಡೆಮ್ ಆರದಂತೆ ಇಡಲು ಮೂರು ದಾರಿಗಳನ್ನೂ ಮನೆಯಲ್ಲೇ ನೋಡಿದೆವು. ಮೊದಲಿಂದಲೂ ಇದ್ದ ಮನೆಯ ಇನ್ವರ್ಟರ್ ಒಂದು. ಮೋಡೆಮಿಗೆ ಅಂತಲೇ ಸಿಗುವ ಸಣ್ಣ ಡಬ್ಬಿಯಂಥ ಮಿನಿ ಯುಪಿಎಸ್ ಇನ್ನೊಂದು. ಮೊಬೈಲ್ ಚಾರ್ಜ್ ಮಾಡುವ ಪವರ್ ಬ್ಯಾಂಕಿಗೆ ಕೇಬಲ್ ಹಾಕಿ ಮೋಡೆಮ್ ನಡೆಸುವುದು ಮೂರನೆಯದು. ನನ್ನ ಮಟ್ಟಿಗೆ ಮಿನಿ ಯುಪಿಎಸ್ ಗೆದ್ದಿತು. ಅದಕ್ಕೆ ಕಾರಣ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬುದಕ್ಕಿಂತ ಜಾಸ್ತಿ ನಮ್ಮ ಊರಿನ ಸಿಡಿಲು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಒಂದು ಲೆಕ್ಕ. ಮೋಡೆಮಿನ ಅಡಾಪ್ಟರ್ ಮೇಲೆ ಸಾಮಾನ್ಯವಾಗಿ 12 ವೋಲ್ಟ್, 1 ಅಥವಾ 1.5 ಆಂಪಿಯರ್ ಎಂದು ಬರೆದಿರುತ್ತದೆ. ಅದು ಹೆಚ್ಚೆಂದರೆ ಎಷ್ಟು ಕೊಡಬಲ್ಲದು ಎಂಬ ಮಿತಿ ಅಷ್ಟೇ. ನಮ್ಮ ಮೋಡೆಮ್ ನಿಜವಾಗಿ ಎಳೆಯುವುದು ಸುಮಾರು 8 ವ್ಯಾಟ್. ಒಂದು ಎಲ್‌ಇಡಿ ಬಲ್ಬಿನಷ್ಟೂ ಇಲ್ಲ. ಈ 8 ವ್ಯಾಟ್ ನೆನಪಿದ್ದರೆ ಉಳಿದದ್ದೆಲ್ಲ ಸುಲಭ.

ಇನ್ವರ್ಟರಿನ ಬಲ ಅದರ ಬ್ಯಾಟರಿ. 150 ಆಂಪಿಯರ್ ಅವರ್, 12 ವೋಲ್ಟ್ ಅಂದರೆ 1,800 ವ್ಯಾಟ್ ಅವರ್. ಅಷ್ಟನ್ನೂ ಖಾಲಿ ಮಾಡಿದರೆ ಬ್ಯಾಟರಿ ಬೇಗ ಹಾಳಾಗುತ್ತದೆ. ಆದರೂ ಎರಡು ಫ್ಯಾನು, ಮೂರು ಬಲ್ಬು, ಮೋಡೆಮ್ ಇಷ್ಟಕ್ಕೆ ಒಂದು ರಾತ್ರಿಯ ಮಟ್ಟಿಗೆ ಸಾಕು. ಮರ ಬಿದ್ದು ಕಂಬವೇ ಮುರಿದು, ಇಡೀ ದಿನ ಕರೆಂಟು ಇಲ್ಲದ ಜೋರು ಮಳೆಯ ಆಟಿ ತಿಂಗಳಲ್ಲಿ ಇದಕ್ಕೆ ಸಾಟಿ ಬೇರೆ ಇಲ್ಲ. ಆದರೆ ಮೋಡೆಮ್ ಒಂದಕ್ಕೇ ಅಂತ ಇಪ್ಪತ್ತು ಸಾವಿರ ಸುರಿದು ಇನ್ವರ್ಟರ್ ತರುವುದು ಒಂದು ಲೋಟ ಚಹಾಕ್ಕೆ ಬಚ್ಚಲಿನ ಹಂಡೆಗೆ ಬೆಂಕಿ ಹಾಕಿದ ಹಾಗೆ. ಏನನ್ನೂ ಓಡಿಸದೆ ಸುಮ್ನೆ ಆನ್ ಆಗಿರುವುದಕ್ಕೇ ಇನ್ವರ್ಟರ್ ಹತ್ತು-ಹದಿನೈದು ವ್ಯಾಟ್ ತಿನ್ನುತ್ತದೆ. ಮೋಡೆಮ್ ತಿನ್ನುವುದಕ್ಕಿಂತ ಅದೇ ಜಾಸ್ತಿ!

ಇನ್ವರ್ಟರಿನ ಹಿಂಬದಿ ಅಥವಾ ಮುಂದೆ ಒಂದು ಸಣ್ಣ ಸ್ವಿಚ್ಚು ಇರುತ್ತದೆ. ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ಇಕೋ ಅಥವಾ ನಾರ್ಮಲ್. ಹೆಚ್ಚಿನ ಮನೆಗಳಲ್ಲಿ ಇದನ್ನು ಯಾರೂ ಮುಟ್ಟಿರುವುದಿಲ್ಲ. ಕರೆಂಟು ಹೋದ ಕ್ಷಣ ಮೋಡೆಮ್ ಆರಿ ಮತ್ತೆ ಹೊತ್ತಿಕೊಳ್ಳುತ್ತಿದ್ದರೆ ಕಾರಣ ಇಲ್ಲಿರಬಹುದು. ನಾರ್ಮಲ್‌ನಲ್ಲಿ ಬ್ಯಾಟರಿಗೆ ಬದಲಾಗಲು ತುಸು ಹೆಚ್ಚು ಹೊತ್ತು ಬೇಕು, ಯುಪಿಎಸ್ ಮೋಡಿನಲ್ಲಿ ಬೇಗ ಬದಲಾಗುತ್ತದೆ. ಹೊತ್ತು ಅಂದರೆ ಸೆಕೆಂಡಿನ ಸಣ್ಣ ಪಾಲು, ಆದರೆ ಕೆಲವು ಮೋಡೆಮ್‌ಗಳಿಗೆ ಅಷ್ಟೇ ಸಾಕು. ಒಮ್ಮೆ ಆರಿದರೆ ಮತ್ತೆ ನೆಟ್ ಬರಲು ಎರಡು-ಮೂರು ನಿಮಿಷ ಬೇಕು. ಆನ್‌ಲೈನ್ ಇಂಟರ್‌ವ್ಯೂನಲ್ಲಿ ಕುಳಿತ ಹುಡುಗಿಗೆ ಆ ಮೂರು ನಿಮಿಷ ತುಂಬಾ ದೊಡ್ಡದು.

ಹಾಗಾದರೆ ಯುಪಿಎಸ್ ಮೋಡಿನಲ್ಲೇ ಇಟ್ಟರಾಯಿತಲ್ವಾ? ನಮ್ಮ ಕಡೆ ಅದೂ ಅಷ್ಟು ಸಲೀಸಲ್ಲ. ಫೆಬ್ರವರಿಯಿಂದ ಮೇ ತನಕ ಎಲ್ಲರ ತೋಟಕ್ಕೂ ನೀರು ಬಿಡುವ ಕಾಲ. ಪಂಪುಗಳೆಲ್ಲ ಒಟ್ಟಿಗೆ ಓಡಿದಾಗ ಲೈನಿನ ಕೊನೆಯಲ್ಲಿರುವ ಮನೆಗಳಲ್ಲಿ ವೋಲ್ಟೇಜ್ ಬಿದ್ದುಹೋಗುತ್ತದೆ. ಯುಪಿಎಸ್ ಮೋಡಿನಲ್ಲಿ ಇನ್ವರ್ಟರ್ ಸುಮಾರು 180 ವೋಲ್ಟಿಗಿಂತ ಕೆಳಗೆ ಹೋದರೆ ಕರೆಂಟೇ ಇಲ್ಲ ಎಂದು ಲೆಕ್ಕ ಹಾಕಿ ಬ್ಯಾಟರಿಗೆ ಹೋಗುತ್ತದೆ. ಹೊರಗೆ ಕರೆಂಟು ಇದೆ, ಒಳಗೆ ಬ್ಯಾಟರಿ ಇಳಿಯುತ್ತಿದೆ. ಸಂಜೆ ನಿಜವಾಗಿ ಕರೆಂಟು ಹೋದಾಗ ಬ್ಯಾಟರಿಯಲ್ಲಿ ಏನೂ ಉಳಿದಿರುವುದಿಲ್ಲ. ನಾವು ಬೇಸಿಗೆಯಲ್ಲಿ ನಾರ್ಮಲ್, ಮಳೆಗಾಲದಲ್ಲಿ ಯುಪಿಎಸ್ ಎಂದು ಸ್ವಿಚ್ಚು ಬದಲಿಸುತ್ತೇವೆ.

ಈ ತೊಂದರೆ ಮಿನಿ ಯುಪಿಎಸ್‌ಗೆ ಇಲ್ಲವೇ ಇಲ್ಲ. ಮೋಡೆಮಿನ ಅಡಾಪ್ಟರನ್ನು ತಿರುಗಿಸಿ ನೋಡಿ, 100-240 ವೋಲ್ಟ್ ಎಂದು ಬರೆದಿರುತ್ತದೆ. 150 ವೋಲ್ಟ್ ಇದ್ದರೂ ಅದು ತಣ್ಣಗೆ ಕೆಲಸ ಮಾಡುತ್ತದೆ. ಆ ಅಡಾಪ್ಟರ್ ಮತ್ತು ಮೋಡೆಮ್ ನಡುವೆ ಈ ಡಬ್ಬಿ ಕೂರುತ್ತದೆ. ಅಡಾಪ್ಟರಿನ ಪಿನ್ ಡಬ್ಬಿಗೆ, ಡಬ್ಬಿಯ ಪಿನ್ ಮೋಡೆಮಿಗೆ, ಅಷ್ಟೇ. ಕರೆಂಟು ಹೋದದ್ದು ಮೋಡೆಮಿಗೆ ಗೊತ್ತೇ ಆಗುವುದಿಲ್ಲ, ಒಂದು ಲೈಟೂ ಮಿನುಗುವುದಿಲ್ಲ. ಬೆಲೆ ಸಾವಿರದಿಂದ ಎರಡು ಸಾವಿರದೊಳಗೆ.

ಆದರೆ ಡಬ್ಬದ ಮೇಲಿನ ಮಾತನ್ನು ಹಾಗೆಯೇ ನಂಬಬೇಡಿ. 7,800 ಎಂಎಎಚ್ (ಮಿಲಿ ಆಂಪಿಯರ್ ಅವರ್) ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಆ ಸಂಖ್ಯೆ ಒಳಗಿನ ಲಿಥಿಯಂ ಸೆಲ್ಲುಗಳ 3.7 ವೋಲ್ಟಿನ ಲೆಕ್ಕ, ಮೋಡೆಮಿಗೆ ಬೇಕಾದ 12 ವೋಲ್ಟಿನದ್ದಲ್ಲ. 7.8 ಅನ್ನು 3.7ರಿಂದ ಗುಣಿಸಿದರೆ ಸುಮಾರು 29 ವ್ಯಾಟ್ ಅವರ್. ಅದನ್ನು 12 ವೋಲ್ಟಿಗೆ ಏರಿಸುವಾಗ ಸ್ವಲ್ಪ ಬಿಸಿಯಾಗಿ ಹೋಗುತ್ತದೆ. ಉಳಿದದ್ದನ್ನು 8ರಿಂದ ಭಾಗಿಸಿದರೆ ಮೂರು ಗಂಟೆ. ನಮ್ಮಲ್ಲಿ ಬಂದದ್ದೂ ಅಷ್ಟೇ. ನಾಲ್ಕು ಸೆಲ್ಲಿನ 10,400ರ ಡಬ್ಬಿ ಆದರೆ ನಾಲ್ಕು ಗಂಟೆ. ಎಂಟು ಗಂಟೆ ಎಂದು ಹೇಳಿದರೆ ಅದು ಎಳೆಗೂಸಿನಷ್ಟು ಕಡಿಮೆ ಕರೆಂಟು ತಿನ್ನುವ ಯಾವುದೋ ಸಾಧನದ ಲೆಕ್ಕ.

ಪವರ್ ಬ್ಯಾಂಕಿನ ವಿಷಯಕ್ಕೆ ಬಂದರೆ, ಖರ್ಚು ಎಲ್ಲಕ್ಕಿಂತ ಕಡಿಮೆ. ಪವರ್ ಬ್ಯಾಂಕ್ ಹೇಗೂ ಮನೆಯಲ್ಲಿ ಇರುತ್ತದೆ, ಕೇಬಲ್ ಒಂದು ತಂದರಾಯಿತು. ಈ ಕೇಬಲಿನಲ್ಲಿ ಎರಡು ಬಗೆ. ಒಂದು, 5 ವೋಲ್ಟನ್ನು 12ಕ್ಕೆ ಏರಿಸುವ ಬೂಸ್ಟ್ ಕೇಬಲ್. ಸಾಧಾರಣ ಪವರ್ ಬ್ಯಾಂಕ್ ಕೊಡುವುದು 5 ವೋಲ್ಟ್ 2 ಆಂಪಿಯರ್, ಅಂದರೆ 10 ವ್ಯಾಟ್. ಏರಿಸುವಾಗ ಹೋದದ್ದನ್ನು ಕಳೆದರೆ ಎಂಟೂವರೆ ಉಳಿದೀತು. ನಮ್ಮ ಮೋಡೆಮಿಗೆ ಇದು ಅಂಚಿನಲ್ಲಿ ನಿಂತಿತು. ಪವರ್ ಲೈಟು ಬಂತು, ಫೈಬರ್ ಸಿಕ್ಕಿತು ಎಂದು ತೋರಿಸುವ ಪಾನ್ ಲೈಟು ಬಂತು, ವೈಫೈ ಲೈಟು ಹೊತ್ತುವ ಹೊತ್ತಿಗೆ ಎಲ್ಲವೂ ಒಮ್ಮೆಗೇ ಆರಿತು. ಮತ್ತೆ ಪವರ್, ಮತ್ತೆ ಪಾನ್, ಮತ್ತೆ ಕತ್ತಲೆ. ನಿಮ್ಮ ಮನೆಯಲ್ಲೂ ಹೀಗೆ ಸುತ್ತು ಹೊಡೆಯುತ್ತಿದ್ದರೆ ಮೋಡೆಮ್ ಕೆಟ್ಟಿಲ್ಲ, ಕರೆಂಟು ಸಾಲುತ್ತಿಲ್ಲ. ಇನ್ನೊಂದು ಬಗೆ, ಫಾಸ್ಟ್ ಚಾರ್ಜಿಂಗ್ ಇರುವ ಪವರ್ ಬ್ಯಾಂಕಿನಿಂದಲೇ 12 ವೋಲ್ಟ್ ಕೇಳಿ ಪಡೆಯುವ ಟ್ರಿಗರ್ ಕೇಬಲ್. 18 ವ್ಯಾಟ್ ಕೊಡುವ ಪವರ್ ಬ್ಯಾಂಕಿನಲ್ಲಿ ಇದು ಚೆನ್ನಾಗಿ ನಡೆಯಿತು. 10,000 ಎಂಎಎಚ್‌ಗೆ ಮೂರು ಗಂಟೆಯ ಮೇಲೆ ಬಂತು. ಆದರೆ ಪವರ್ ಬ್ಯಾಂಕಿನ ಔಟ್‌ಪುಟ್ ಸಾಲಿನಲ್ಲಿ 12 ವೋಲ್ಟ್ ಎಂದು ಬರೆದಿದೆಯೇ ನೋಡಿಯೇ ಕೇಬಲ್ ತನ್ನಿ. ಬರೀ 5 ಮತ್ತು 9 ಕೊಡುವವೂ ಇವೆ.

ಇಷ್ಟಾದರೂ ಅದನ್ನು ದಿನವೂ ಸಿಕ್ಕಿಸಿ ಇಡುವ ಮನಸ್ಸಾಗಲಿಲ್ಲ. ಚಾರ್ಜ್ ಆಗುತ್ತಲೇ ಕರೆಂಟು ಕೊಡಲು ಹೆಚ್ಚಿನ ಪವರ್ ಬ್ಯಾಂಕುಗಳನ್ನು ಮಾಡಿಲ್ಲ. ಕರೆಂಟು ಹೋದಾಗ, ಬಂದಾಗ ಅರೆಕ್ಷಣ ಕಟ್ ಆಗಿ ಮೋಡೆಮ್ ಆರುತ್ತದೆ. ದಿನವಿಡೀ ಬಿಸಿಯಲ್ಲಿದ್ದರೆ ಹೊಟ್ಟೆ ಉಬ್ಬುವ ಭಯವೂ ಇದೆ. ಕತ್ತಲೆಯಲ್ಲಿ ಪಿನ್ ಹುಡುಕಿ ಬದಲಿಸುವ ಕೆಲಸವನ್ನು ಅಮ್ಮನಿಗೆ ಹೇಳಲು ಆಗುವುದಿಲ್ಲ. ಮಂಗಳೂರಲ್ಲೋ ಕಾಸರಗೋಡು ಪೇಟೆಯಲ್ಲೋ ರೂಮು ಮಾಡಿಕೊಂಡು ಓದುವ ಮಕ್ಕಳಿಗೆ ಪವರ್ ಬ್ಯಾಂಕ್ ಸಾಕು. ತೋಟದ ಮನೆಗೆ ಅಲ್ಲ.

ಇನ್ನು ಸಿಡಿಲು. ಏಪ್ರಿಲ್-ಮೇಯಲ್ಲಿ, ಮತ್ತೆ ಅಕ್ಟೋಬರ್-ನವೆಂಬರಿನಲ್ಲಿ, ಮಧ್ಯಾಹ್ನ ಕಳೆದ ಮೇಲೆ ಗುಡ್ಡದ ಕಡೆಯಿಂದ ಮೋಡ ಕಟ್ಟುತ್ತದೆ. ಮಧ್ಯಾಹ್ನ 2ರಿಂದ ರಾತ್ರಿ 10ರ ತನಕ ಜಾಗ್ರತೆ ಎಂದು ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರ ಪ್ರತಿ ಸಲ ಹೇಳುವುದು ಇದೇ ಕಾಲದಲ್ಲಿ. ಆಗ ನಾವು ಟಿವಿ, ಫ್ರಿಜ್ಜು, ಮೋಡೆಮ್ ಎಲ್ಲದರ ಪ್ಲಗ್ ಕೀಳುತ್ತೇವೆ. ಕಿತ್ತ ಮೇಲೆ ನೆಟ್ ಇಲ್ಲ, ಫೋನ್ ಇಲ್ಲ, ಕರೆಂಟು ಇದ್ದರೂ ಇಲ್ಲದ ಹಾಗೆ. ಮಿನಿ ಯುಪಿಎಸ್ ನಮಗೆ ಉಪಕಾರಕ್ಕೆ ಬಂದದ್ದು ಇಲ್ಲಿ. ಅಡಾಪ್ಟರನ್ನು ಗೋಡೆಯಿಂದ ಪೂರ್ತಿ ಕಿತ್ತಿಟ್ಟರೂ ವೈಫೈ ನಡೆಯುತ್ತಲೇ ಇರುತ್ತದೆ. ಮೋಡೆಮಿಗೂ ಮನೆಯ ವಯರಿಂಗಿಗೂ ಸಂಬಂಧವೇ ಇಲ್ಲ. ಗುಡುಗು ನಿಲ್ಲುವ ತನಕ ಮೂರು ಗಂಟೆ ಸಾಕು. ಇನ್ವರ್ಟರಿನಲ್ಲಿ ಈ ಅನುಕೂಲ ಸಿಗುವುದಿಲ್ಲ. ಅದು ಮನೆಯ ವಯರಿಂಗಿಗೇ ಸೇರಿಕೊಂಡಿದೆ, ನ್ಯೂಟ್ರಲ್ ತಂತಿ ಸಾಮಾನ್ಯವಾಗಿ ಹೊರಗಿನ ಲೈನಿನದ್ದೇ. ಸಿಡಿಲಿನ ಹೊಡೆತ ಒಳಗೆ ಬಂದರೆ ಮೋಡೆಮಿನ ಜೊತೆ ಇನ್ವರ್ಟರಿನ ಬೋರ್ಡೂ ಹೋಗಬಹುದು.

ಪ್ಲಗ್ ಕೀಳುವುದನ್ನು ಆಕಾಶ ಕಪ್ಪಾದಾಗಲೇ ಮಾಡಿ, ತಲೆ ಮೇಲೆ ಗುಡುಗುವಾಗ ಗೋಡೆ ಮುಟ್ಟಲು ಹೋಗಬೇಡಿ. ಫೈಬರಿನಲ್ಲಿ ಬೆಳಕು ಹೋಗುವುದು ಗಾಜಿನ ಎಳೆಯಲ್ಲಿ, ಗಾಜು ಕರೆಂಟು ಹರಿಸುವುದಿಲ್ಲ. ಆದರೆ ಕಂಬದಿಂದ ಮನೆಗೆ ಎಳೆಯುವ ಕೇಬಲಿನಲ್ಲಿ ಭಾರ ತಡೆಯಲು ಉಕ್ಕಿನ ತಂತಿ ಇರುವುದುಂಟು. ಅದನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಕೇಬಲಿನವರಿಗೆ ಹೇಳಿ. ಅಡಿಕೆ ಒಣಗಿಸುವ ಅಂಗಳದ ಕ್ಯಾಮೆರಾಕ್ಕೆ ಮೋಡೆಮಿನಿಂದ ತಾಮ್ರದ ಲ್ಯಾನ್ ವಯರು ಎಳೆದಿದ್ದರೆ ಅದನ್ನೂ ಕಿತ್ತಿಡಬೇಕು. ಸಿಡಿಲಿಗೆ ಅದೂ ಒಂದು ದಾರಿ.

ಇನ್ನೊಂದು ಮಾತು. ಬ್ಯಾಕಪ್ ಎಷ್ಟೇ ಚೆನ್ನಾಗಿದ್ದರೂ ಆ ಕಡೆಯಿಂದ ಬೆಳಕು ಬಾರದಿದ್ದರೆ ಉಪಯೋಗ ಇಲ್ಲ. ಮೋಡೆಮಿನಲ್ಲಿ ಎಲ್‌ಒಎಸ್ ಎಂಬ ಲೈಟು ಕೆಂಪಾಗಿ ಮಿನುಗಿದರೆ ಫೈಬರ್ ತುಂಡಾಗಿದೆ ಅಥವಾ ಆ ಕಡೆಯ ಯಂತ್ರ ಆರಿದೆ. ಇಲ್ಲಿ ಫೈಬರ್ ಹೋಗುವುದೂ ಹೆಚ್ಚಾಗಿ ಕರೆಂಟಿನ ಕಂಬದ ಮೇಲೆಯೇ. ಒಂದೇ ಮರ ಎರಡನ್ನೂ ಎಳೆದುಕೊಂಡು ಬೀಳುತ್ತದೆ. ಒಂದು ಫೈಬರನ್ನು ಹಲವು ಮನೆಗಳಿಗೆ ಹಂಚುವ ದಾರಿ ಮಧ್ಯದ ಸ್ಪ್ಲಿಟರುಗಳಿಗೆ ಕರೆಂಟು ಬೇಡ, ಆದರೆ ಕೆಲವು ಹಳೆ ಜೋಡಣೆಗಳಲ್ಲಿ ಕಂಬದಲ್ಲೇ ಕರೆಂಟು ಬೇಕಾದ ಸ್ವಿಚ್ ಪೆಟ್ಟಿಗೆ ಇರುತ್ತದೆ. ಹಾಗಾಗಿ ಕರೆಂಟು ಹೋದಾಗ ನಿಮ್ಮ ಲೈನಿನಲ್ಲಿ ನೆಟ್ ಉಳಿಯುತ್ತದೆಯೇ ಎಂದು ಮಿನಿ ಯುಪಿಎಸ್ ಕೊಳ್ಳುವ ಮೊದಲೇ ತಿಳಿದುಕೊಳ್ಳಿ. ಅದೇ ಫೈಬರ್ ಲೈನಿನಲ್ಲಿ ಇನ್ವರ್ಟರ್ ಇರುವ ನೆರೆಮನೆಯವರನ್ನು ಕೇಳಿದರೆ ಸಾಕು, ಅವರಲ್ಲಿ ನೆಟ್ ಉಳಿದರೆ ನಿಮಗೂ ಉಳಿಯುತ್ತದೆ.

ಈಗ ನಮ್ಮಲ್ಲಿ ಎರಡೂ ಸೇರಿಸಿ ಇಟ್ಟಿದ್ದೇವೆ. ಇನ್ವರ್ಟರ್ ಲೈನಿನ ಪ್ಲಗ್ಗಿಗೆ ಅಡಾಪ್ಟರ್, ಅದರ ನಂತರ ಮಿನಿ ಯುಪಿಎಸ್. ಇನ್ವರ್ಟರ್ ಬದಲಾಗುವ ಆ ಅರೆಕ್ಷಣವನ್ನು ಡಬ್ಬಿ ನೋಡಿಕೊಳ್ಳುತ್ತದೆ, ಇಡೀ ರಾತ್ರಿಯನ್ನು ಇನ್ವರ್ಟರ್ ನೋಡಿಕೊಳ್ಳುತ್ತದೆ. ಸಿಡಿಲು ಬಂದಾಗ ಅಡಾಪ್ಟರ್ ಹೊರಗೆ. ಇನ್ವರ್ಟರ್ ಇಲ್ಲದವರು ಮೊದಲು ಡಬ್ಬಿ ಒಂದನ್ನೇ ತನ್ನಿ.

ತರುವಾಗ ಪಿನ್ ನೋಡಿ. ಹೊರಗಿನ ಅಳತೆ 5.5 ಮಿಲಿಮೀಟರ್ ಒಂದೇ ಇದ್ದರೂ ಒಳಗಿನ ತೂತು 2.1 ಮತ್ತು 2.5 ಎಂದು ಎರಡು ಬಗೆ. ತಪ್ಪಿದ್ದು ಹಾಕಿದರೆ ಒಳಗೇ ಹೋಗುವುದಿಲ್ಲ, ಇಲ್ಲವೇ ಸಡಿಲಾಗಿ, ಕೇಬಲ್ ಅಲುಗಿದಾಗೆಲ್ಲ ಆರುತ್ತದೆ. ಅಡಾಪ್ಟರ್ ಮೇಲಿನ ವೃತ್ತದ ಚಿತ್ರದಲ್ಲಿ ನಡುವಿನ ಚುಕ್ಕೆಗೆ ಪ್ಲಸ್ ಇದೆಯೇ ನೋಡಿ, ಡಬ್ಬಿಯಲ್ಲೂ ಹಾಗೆಯೇ ಇರಬೇಕು. 9 ಮತ್ತು 12 ಎಂದು ಸ್ವಿಚ್ಚು ಇದ್ದರೆ 12ಕ್ಕೆ ಇಟ್ಟು ಮೇಲೆ ಟೇಪು ಅಂಟಿಸಿಬಿಡಿ. ಅಂಗಡಿಯಲ್ಲಿ ಮಲ್ಟಿಮೀಟರ್ ಇದ್ದರೆ ಅಡಾಪ್ಟರ್ ಕಿತ್ತು ಔಟ್‌ಪುಟ್ ಅಳೆಯಲು ಹೇಳಿ. ಒಳ್ಳೆಯದರಲ್ಲಿ 12ರ ಹತ್ತಿರವೇ ನಿಲ್ಲುತ್ತದೆ. ಅಗ್ಗದವು ಸಾಲಾಗಿ ಜೋಡಿಸಿದ ಸೆಲ್ಲುಗಳ ಒಟ್ಟು ವೋಲ್ಟೇಜನ್ನೇ ನೇರ ಬಿಡುತ್ತವೆ, ಬ್ಯಾಟರಿ ಇಳಿದಂತೆ 10, 9 ಎಂದು ಇಳಿಯುತ್ತದೆ. ಅರ್ಧ ಚಾರ್ಜ್ ಇರುವಾಗಲೇ ಮೋಡೆಮ್ ಆರುವುದು ಹೀಗೆ. ಮನೆಗೆ ತಂದ ಮೇಲೆ ಮೋಡೆಮಿನ ಮೇಲೆ ಹೇರಿ ಇಡಬೇಡಿ, ಎರಡೂ ಬಿಸಿಯಾಗುತ್ತವೆ. ಗೋಡೆಗೆ ಬೇರೆ ಬೇರೆ ತೂಗುಹಾಕಿ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಇರುವೆಗಳು ಗಾಳಿಯ ತೂತಿನಿಂದ ಒಳಗೆ ಸೇರುತ್ತವೆ, ತಿಂಗಳಿಗೊಮ್ಮೆ ತೆಗೆದು ನೋಡುವುದು ಒಳ್ಳೆಯದು. ಆಯ್ಕೆ ಇದ್ದರೆ ಅಂಟಿಸಿದ ಡಬ್ಬಿಗಿಂತ ಸ್ಕ್ರೂ ಇರುವುದನ್ನೇ ತೆಗೆದುಕೊಳ್ಳಿ. ಎರಡು-ಮೂರು ವರ್ಷದಲ್ಲಿ ಸೆಲ್ಲು ಸೋತಾಗ ರಿಪೇರಿಯವರ ಕೈಯಲ್ಲಿ ಸೆಲ್ಲು ಮಾತ್ರ ಬದಲಾಯಿಸಿದರೆ ಸಾಕು.